ಕರಾವಳಿ ನಡೆದವನಿಗೆ ಡೊಂಬಿವಲಿಯಲ್ಲಿ ಸನ್ಮಾನ

ನಮ್ಮ ಕನ್ನಡ ಸಂಘಕ್ಕೆ ಸನ್ಮಾನದ ಚಟ. ಹತ್ತನೇ ತರಗತಿ ಪಾಸಾದವರಿಗೆ ಶಾಲು, ಅರವತ್ತು ತುಂಬಿದವರಿಗೆ ಶಾಲು, ಶಾಲು ಕೊಡಿಸಿದವರಿಗೂ ಒಂದು ಶಾಲು. ಡೊಂಬಿವಲಿಯ ಸೆಕೆಯಲ್ಲಿ ಅದನ್ನು ಹೊದ್ದು ಬೆವರುವವರನ್ನು ನೋಡುತ್ತಲೇ ಕಾರ್ಯದರ್ಶಿಯಾದ ನನ್ನ ಅರ್ಧ ಆಯುಷ್ಯ ಕಳೆದಿದೆ.

ಎರಡು ವರ್ಷದ ಹಿಂದೆ ನಮಗೊಬ್ಬ ಹೊಸ ಬಕರಾ ಸಿಕ್ಕ. ಕಲಬುರಗಿ ಕಡೆಯವ, ನಿವೃತ್ತ ಬಸ್ ಡ್ರೈವರ್. ಕಛ್‌ನಿಂದ ಶುರುಮಾಡಿ ಕನ್ಯಾಕುಮಾರಿ ಸುತ್ತಿ ಬಂಗಾಳದವರೆಗೆ ದೇಶದ ಕಡಲ ದಂಡೆಯನ್ನೆಲ್ಲ ನಡೆದೇ ಮುಗಿಸುವ ಹಟ ಆತನದು. ನಾಲ್ಕು ತಿಂಗಳು ನಡೆದು ಮುಂಬೈ ಪಕ್ಕದ ಠಾಣೆ ಊರಿನ ಕೋಪರಿ ಮುಟ್ಟಿದ್ದ. ಸುದ್ದಿ ತಿಳಿದು ನಾನೇ ಹೋಗಿ ಕಂಡೆ.

“ಮೂವತ್ತು ವರ್ಷ ಗಾಲಿ ಮ್ಯಾಲ ಕುಂತೀನ್ರೀ. ಮಂದೀನ ಊರು ಮುಟ್ಟಿಸಿದೆ, ಒಂದ್ ಊರೂ ನೆಟ್ಟಗ ನೋಡಲಿಲ್ಲ. ಈಗ ಮುಗಿಯೂತನಕ ಗಾಲಿ ಏರಂಗಿಲ್ಲ. ಏರಿದ್ರ ನಡದದ್ದೆಲ್ಲಾ ಸುಳ್ಳು,” ಅಂದ.

ಡೊಂಬಿವಲಿಗೂ ಸಮುದ್ರಕ್ಕೂ ಏನೇನೂ ಸಂಬಂಧವಿಲ್ಲ. ಆದರೂ ನಾನು ಗಂಟುಬಿದ್ದೆ. ಕೊನೆಗೆ, “ಆತು, ನಡಕೋತ ಬರ್ತೀನಿ,” ಎಂದು ಒಪ್ಪಿದ.

ನಮ್ಮ ಕಾರ್ಯಕ್ರಮ ಆರಕ್ಕೆ ಎಂದರೆ ಏಳೂವರೆಗೆ ಅಂತ ಎಲ್ಲರಿಗೂ ಗೊತ್ತು. ದರಿದ್ರ, ಅವತ್ತು ಮುಖ್ಯ ಅತಿಥಿ ಆರಕ್ಕೇ ಬಂದು ಕೂತರು. ಅವರೊಬ್ಬ ಬಿಲ್ಡರ್. ಏಳೂವರೆಗೆ ಬೇರೆಲ್ಲೋ ಪೂಜೆಯಂತೆ. ನಮ್ಮ ಅಧ್ಯಕ್ಷರು ಉಡುಪಿ ಕಡೆಯ ಹೋಟೆಲ್‌ನವರು. “ಎಂತದಾದ್ರೂ ಮಾಡಿ ಆ ನಡೆಯುವವರನ್ನು ಬೇಗ ಕರ್ಕೊಂಡು ಬನ್ನಿ ಮಾರಾಯ್ರೇ, ಮರ್ಯಾದೆ ಹೋಗ್ತದೆ,” ಎಂದು ನನ್ನನ್ನು ಅಟ್ಟಿದರು.

ರಿಕ್ಷಾ ಹಿಡಿದು ಹೊರಟೆ. ದಾರಿಯಲ್ಲಿ ಶಿಳ್ ಫಾಟಾ ಎಂಬ ಕೂಡುರಸ್ತೆಯ ಧೂಳಿನಲ್ಲಿ ಆತ ಬೆನ್ನಿಗೆ ಚೀಲ ಕಟ್ಟಿಕೊಂಡು ನಡೆದು ಬರುತ್ತಿದ್ದ. ಏರ್ರಿ ಅಂದೆ. ಒಲ್ಲೆ ಅಂದ. ಸಮುದ್ರ ಇಲ್ಲಿ ಎಲ್ಲೈತ್ರಿ, ಇದು ಲೆಕ್ಕಕ್ಕಿಲ್ಲ ಅಂದೆ. ತಲೆ ಅಲ್ಲಾಡಿಸಿದ. ಆಗ ನನ್ನ ಬಾಯಿಂದ ಬಂದದ್ದು ಒಂದೇ ಮಾತು: “ಹಾಲ್ ತುಂಬ ಮಂದಿ ಕಾಯಾಕತ್ತಾರ್ರೀ.”

ಜೀವಮಾನವಿಡೀ ಸ್ಟ್ಯಾಂಡಿನಲ್ಲಿ ಕಾದ ಪ್ರಯಾಣಿಕರ ಮುಖ ನೋಡಿದವನು. ಆ ಮಾತಿಗೆ ಸೋತ. ರಿಕ್ಷಾ ಏರಿ ಕೂತ.

ನೂರು ಮಾರು ಹೋಗುವಷ್ಟರಲ್ಲಿ ಟ್ರಾಫಿಕ್ ಜಾಮ್. ಹಿಂದೆ ಬರುತ್ತಿದ್ದ ಹೆಂಗಸರು ಸಂತೆಯ ಚೀಲ ಹಿಡಿದು ನಮ್ಮನ್ನು ದಾಟಿಹೋದರು. ಆತ ಅವರ ಕಾಲುಗಳನ್ನೇ ನೋಡುತ್ತಿದ್ದ. ಹಾಲ್ ಮುಟ್ಟಿದಾಗ ಬಿಲ್ಡರ್ ಹೋಗಿಯಾಗಿತ್ತು. ನಡೆದೇ ಬಂದಿದ್ದರೂ ಅಷ್ಟೇ ಹೊತ್ತು ಹಿಡಿಯುತ್ತಿತ್ತು.

ಅಧ್ಯಕ್ಷರು ಶಾಲು ಹೊದಿಸಿ, ಪೇಟ ತೊಡಿಸಿ, ಮಣಭಾರದ ಹಣ್ಣಿನ ಬುಟ್ಟಿಯನ್ನು ಕೈಗಿಟ್ಟು, “ಒಂದೇ ಒಂದು ಸಲವೂ ಗಾಡಿ ಹತ್ತದ ಮಹಾನುಭಾವರು,” ಅಂದರು. ಚಪ್ಪಾಳೆಯೋ ಚಪ್ಪಾಳೆ.

ಆತ ಮೈಕ್ ಹಿಡಿದ. “ಇವತ್ತ ಹತ್ತೀನ್ರೀ,” ಅಂದು ಬುಟ್ಟಿ ಕೆಳಗಿಟ್ಟ. ನನ್ನ ಹೆಸರು ಹೇಳಲಿಲ್ಲ. ಹೇಳಿದ್ದರೆ ವಾಸಿಯಿತ್ತು.

ಮರುದಿನ ಬೆಳಿಗ್ಗೆ ಸ್ಟೇಷನ್ನಿಗೆ ಬಿಡಲು ಹೋದೆ. ಮುಂಬೈಗೆ ಹೋಗಿ, ಅಲ್ಲಿಂದ ರೈಲಿನಲ್ಲಿ ಕಛ್‌ಗೆ, ಶುರುಮಾಡಿದ ಜಾಗಕ್ಕೇ ಹೊರಟಿದ್ದ. ನಾಲ್ಕು ತಿಂಗಳ ನಡಿಗೆ ನನ್ನ ಒಂದು ಮಾತಿಗೆ ನೀರಾಗಿತ್ತು.

“ಶಿಳ್ ಫಾಟಾದಿಂದನ ಮತ್ತ ನಡೀರಿ ಯಜಮಾನ್ರ. ಯಾರು ಕೇಳ್ತಾರ?” ಅಂದೆ.

“ನಾ ಕೇಳ್ತೀನಲ್ರೀ,” ಅಂದ.

ಲೋಕಲ್ ಬಂತು. ಜನ ನೂಕಿದ ರಭಸಕ್ಕೆ ಆತ ತಾನಾಗಿಯೇ ಒಳಗೆ ಹೋದ. ಯಾರದೋ ಕಂಕುಳ ಸಂದಿಯಿಂದ ಮುಖ ತೂರಿಸಿ ನನ್ನನ್ನು ಕರೆದ.

“ನಾಲ್ಕ್ ತಿಂಗಳಿಗೆ ಮತ್ತ ಈ ಕಡೆ ಬರ್ತೀನಿ. ನಿಮ್ಮ ಸಂಘಕ್ಕ ಹೇಳಬ್ಯಾಡ್ರಿ.”