ಲೇಪ ನೋಡುವ ಅಕ್ಕ ಮತ್ತು ಹದಿಮೂರು ಮಂದಿ

ಬೆಳಗಿನ ಆರು ಗಂಟೆ ಹತ್ತು ನಿಮಿಷ. ಕಾರ್ಖಾನೆಯ ಹೊರಗೆ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಒಳಗೆ, ಕಿಟಕಿಯಿಲ್ಲದ ಕೋಣೆಯಲ್ಲಿ, ನೆತ್ತಿಯಿಂದ ಪಾದದವರೆಗೆ ಬಿಳಿ ಉಡುಪು ತೊಟ್ಟ ಹೆಂಗಸೊಬ್ಬರು ಸೂಕ್ಷ್ಮದರ್ಶಕಕ್ಕೆ ಕಣ್ಣು ಕೊಟ್ಟು ಕೂತಿದ್ದಾರೆ. ವಯಸ್ಸು ನಲವತ್ತಾರು. ಜೊತೆಯವರು ಕರೆಯುವುದು ‘ದುರ್ಬೀನಕ್ಕ’ ಎಂದು.

ಅವರು ತಿರುಗಿಸಿ ತಿರುಗಿಸಿ ನೋಡುತ್ತಿರುವುದು ಸ್ಟೆಂಟ್. ಕಟ್ಟಿಕೊಂಡ ಹೃದಯದ ರಕ್ತನಾಳ ತೆರೆದಿರಲೆಂದು ವೈದ್ಯರು ಒಳಗೆ ಕೂರಿಸುವ ಜಾಲರಿ ಕೊಳವೆ. ಬಾಲ್‌ಪೆನ್ನಿನ ಸ್ಪ್ರಿಂಗಿಗಿಂತ ಸಣ್ಣದು. ಬರಿಯ ಲೋಹ ತಾಕಿದರೆ ರಕ್ತ ಹೆಪ್ಪುಗಟ್ಟಬಹುದು. ಹೆಪ್ಪು ನಾಳವನ್ನು ಮುಚ್ಚಿದರೆ ಮನುಷ್ಯ ಉಳಿಯುವುದು ಕಷ್ಟ. ಅದಕ್ಕೇ ಲೋಹದ ಮೇಲೊಂದು ಲೇಪ, ಕೂದಲಿನ ದಪ್ಪದ ಹತ್ತನೇ ಒಂದು ಪಾಲು. ಅದು ಎಲ್ಲಾದರೂ ಸುಲಿದಿದೆಯೇ, ಗುಳ್ಳೆ ಎದ್ದಿದೆಯೇ, ಎಳೆಗಳ ನಡುವೆ ಜೇಡರ ಬಲೆಯಂತೆ ಕಟ್ಟಿಕೊಂಡಿದೆಯೇ ಎಂದು ನೋಡುವುದು ಇವರ ಕೆಲಸ. ಒಂದಕ್ಕೆ ನಾಲ್ಕು ನಿಮಿಷ. ಪಾಳಿಗೆ ತೊಂಬತ್ತು.

ಹನ್ನೊಂದು ವರ್ಷದ ಹಿಂದೆ ಗಾರ್ಮೆಂಟ್ಸ್‌ನಲ್ಲಿ ಹೊಲಿಗೆ ತಪ್ಪು ಹುಡುಕುತ್ತಿದ್ದವರು. “ಅಲ್ಲಿ ಒಂದು ಹೊಲಿಗೆ ಬಿಟ್ರೆ ಅಂಗಿ ವಾಪಸ್ ಬರೋದು, ಬೈಸ್ಕೋತಿದ್ವಿ. ಇಲ್ಲಿ ಬಿಟ್ರೆ ಯಾರೂ ವಾಪಸ್ ಬರಲ್ಲ,” ಎನ್ನುತ್ತಾರೆ. ನಲ್ಲಿ ರಿಪೇರಿ ಮಾಡುವ ಗಂಡನಿಗೆ ಇದೆಲ್ಲ ತಮಾಷೆ: “ಬೇಳೇಲಿ ಕಲ್ಲು ಕಾಣಲ್ಲ ಇವಳಿಗೆ. ಅಲ್ಲಿ ಅದೇನು ಹಿಡೀತಾಳೋ!”

ಈ ಕೋಣೆಯಲ್ಲಿ ಒಂದು ಪದ್ಧತಿಯಿದೆ. ನೋಡುವವರ ಕಣ್ಣು ಪರೀಕ್ಷಿಸಲು ಪಾಳಿಯ ಮೇಲ್ವಿಚಾರಕಿ ದಿನವೂ ಒಳ್ಳೆಯ ಸ್ಟೆಂಟ್‌ಗಳ ನಡುವೆ ಬೇಕೆಂದೇ ಕೆಟ್ಟದ್ದೊಂದೆರಡನ್ನು ಸೇರಿಸುತ್ತಾರೆ. ಕೆಲಸದವರು ಅದಕ್ಕಿಟ್ಟ ಹೆಸರು ‘ಕಳ್ಳ’. ಕಳ್ಳ ತಪ್ಪಿಸಿಕೊಂಡರೆ, ಹಿಂದಿನ ಕಳ್ಳ ಸಿಕ್ಕಿದ ಮೇಲೆ ನೋಡಿದ್ದನ್ನೆಲ್ಲ ಬೇರೊಬ್ಬರು ಮತ್ತೆ ನೋಡಬೇಕು.

ದುರ್ಬೀನಕ್ಕನ ಕೈಯಿಂದ ಕಳ್ಳ ತಪ್ಪಿಸಿಕೊಂಡದ್ದು ಒಂದೇ ಸಲ, ಐದು ತಿಂಗಳ ಹಿಂದೆ. ನಿಯಮದಂತೆ ಮರುಪರೀಕ್ಷೆ ನಡೆಯಿತು, ಎಲ್ಲವೂ ಸರಿಯಿದ್ದವು. ಆದರೆ ಅದೇ ದಿನ, ಬೆಳಗಿನ ಮೊದಲ ತಟ್ಟೆಯ ಕೊನೆಯಲ್ಲಿ, ಅವರು ಒಬ್ಬ ಕಳ್ಳನನ್ನು ಹಿಡಿದಿದ್ದರು. ಹಾಗಾಗಿ ಆ ತಟ್ಟೆಯ ಮೂವತ್ತನ್ನು ಯಾರೂ ಮುಟ್ಟಲಿಲ್ಲ. ಅವು ಆಸ್ಪತ್ರೆಗಳಿಗೆ ಹೋದವು.

ಎರಡು ತಿಂಗಳ ನಂತರ, ಬಸ್ ಓಡಿಸುವ ತಮ್ಮನಿಗೆ ಎದೆನೋವು ಬಂತು. ಸ್ಟೆಂಟ್ ಹಾಕಿದರು. ಆಸ್ಪತ್ರೆ ಕೊಟ್ಟ ಕಾರ್ಡಿನಲ್ಲಿದ್ದ ಸ್ಟೆಂಟಿನ ನಂಬರನ್ನು ಅಕ್ಕ ಎರಡೆರಡು ಸಲ ಓದಿದರು. ಅದು ಆ ಮೊದಲ ತಟ್ಟೆಯದು.

“ಅವತ್ತು ಕೂತಾಗಿಂದ್ಲೇ ಕಣ್ಣು ಉರೀತಿತ್ತು. ಹೇಳಿದ್ರೆ ಮನೆಗೆ ಕಳಿಸ್ತಾರೆ, ರಜೆ ಬೇರೆ ಮುಗಿದಿತ್ತು. ಸುಮ್ಮನಿದ್ದೆ. ಆ ಮೊದಲ್ನೇ ಕಳ್ಳ ಕುರುಡರಿಗೂ ಕಾಣೋಂಥದ್ದು. ಅದನ್ನ ಹಿಡಿದಿದ್ದಕ್ಕೇ ಮಿಕ್ಕಿದ್ದೆಲ್ಲ ಸರಿ ಅಂದ್ಕೊಂಡ್ರು. ನಾನೂ ಅಂದ್ಕೊಂಡೆ.”

ಮರುದಿನ ಬೆಳಿಗ್ಗೆ ಮೇಲ್ವಿಚಾರಕಿಯ ಮುಂದೆ ನಿಂತು ಎಲ್ಲ ಹೇಳಿದರು. ಮೂವತ್ತರಲ್ಲಿ ಹದಿನೇಳು ಬಳಕೆಯಾಗದೆ ವಾಪಸ್ ಬಂದವು. ಅವುಗಳಲ್ಲಿ ಒಂದರ ಲೇಪ ಧೂಳಿನ ಕಣದಷ್ಟು ಜಾಗದಲ್ಲಿ ಸುಲಿದಿತ್ತು. ಉಳಿದ ಹದಿಮೂರು ಮನುಷ್ಯರ ಎದೆಯೊಳಗಿವೆ. ತೆಗೆಯಲು ಬರುವುದಿಲ್ಲ. ವೈದ್ಯರು ಹದಿಮೂರು ಮಂದಿಯನ್ನೂ ಕರೆಸಿ ವಿಷಯ ತಿಳಿಸಿದ್ದಾರೆ, ರಕ್ತ ತೆಳುವಾಗಿಸುವ ಮಾತ್ರೆ ಒಂದು ದಿನವೂ ತಪ್ಪಬಾರದೆಂದು ಎಚ್ಚರಿಸಿದ್ದಾರೆ. ದುರ್ಬೀನಕ್ಕನನ್ನು ಎರಡು ತಿಂಗಳು ಪ್ಯಾಕಿಂಗ್‌ಗೆ ಹಾಕಿ, ಮೂರು ವಾರದ ಹಿಂದೆ ಮತ್ತೆ ಇಲ್ಲಿ ಕೂರಿಸಿದ್ದಾರೆ.

ತಮ್ಮನಿಗೆ ದಿನವೂ ಫೋನು ಹೋಗುತ್ತದೆ. “ಮಾತ್ರೆ ನುಂಗಿದ್ಯೇನೋ?”

“ನುಂಗ್ದೆ ಕಣಕ್ಕಾ. ಚಿಕ್ಕೋನಿದ್ದಾಗ ನನ್ನ ತಲೇಲಿ ಹೇನು ನೋಡೋವಾಗ್ಲೂ ಒಂದೆರಡು ಬಿಡ್ತಿದ್ದೆ ನೀನು. ನಾನೇನು ಸತ್ನಾ?”

ಅಕ್ಕನಿಗೆ ನಗು ಬರುವುದಿಲ್ಲ. “ಇವನಿಗೇನೋ ನಾನು ಫೋನ್ ಮಾಡ್ತೀನಿ. ಇನ್ನು ಹನ್ನೆರಡು ಜನಕ್ಕೆ ಯಾರು ಮಾಡ್ತಾರೆ? ಅವರು ಹೆಂಗಸೋ ಗಂಡಸೋ ಅದೂ ಗೊತ್ತಿಲ್ಲ ನಂಗೆ. ಬಸ್ಸಲ್ಲಿ ಯಾರಾದ್ರೂ ಎದೆ ಉಜ್ಕೊಂಡ್ರೆ ಸಾಕು, ಜೀವ ಬಾಯಿಗೆ ಬರುತ್ತೆ.”

ಇವತ್ತಿನ ಏಳನೆಯ ಸ್ಟೆಂಟನ್ನು ಅದನ್ನು ಹಿಡಿದಿಡುವ ಸೂಜಿಗೆ ಏರಿಸಿದ ಅಕ್ಕ ತಿರುಗಿಸದೆ ನಿಲ್ಲಿಸುತ್ತಾರೆ. ರೆಪ್ಪೆ ಬಡಿಯುತ್ತಾರೆ. ಮತ್ತೆ ಬಡಿಯುತ್ತಾರೆ. ಕೈ ಎತ್ತುತ್ತಾರೆ.

“ಮೇಡಂ, ಕಣ್ಣಲ್ಲಿ ನೀರು ಬರ್ತಿದೆ.”

“ಈ ವಾರದಲ್ಲಿ ಇದು ಎರಡನೇ ಸಲ, ದುರ್ಬೀನಕ್ಕ. ಹೀಗಾದ್ರೆ ಈ ಕುರ್ಚಿ ಉಳಿಯಲ್ಲ ನಿಮಗೆ.”

“ಹೋದ್ರೆ ಹೋಗ್ಲಿ ಮೇಡಂ. ನಾನು ನೋಡಿರೋ ಆ ಆರೂ ಪಕ್ಕದೋಳಿಗೆ ಕೊಡಿ, ಮೊದಲಿಂದ ನೋಡ್ಲಿ.”

ಮೇಲ್ವಿಚಾರಕಿ ತಟ್ಟೆ ಎತ್ತಿಕೊಳ್ಳುತ್ತಾರೆ. ಏಳು ಗಂಟೆಗೆ ಮೊದಲೇ ಅಕ್ಕ ಗೇಟಿನ ಹೊರಗಿದ್ದಾರೆ. ಅರ್ಧ ದಿನದ ಸಂಬಳ ಖೋತಾ. ಒದ್ದೆ ಕರವಸ್ತ್ರವನ್ನು ಕಣ್ಣಿಗೊತ್ತಿಕೊಂಡೇ ಹೇಳುತ್ತಾರೆ:

“ಇವತ್ತು ನನ್ನ ಕೈಯಿಂದ ಒಂದೂ ಆಚೆ ಹೋಗಿಲ್ಲ.”