ಮಣೆಯಡಿಯ ಮುಖ

ಅರವತ್ತರ ದಶಕದಲ್ಲಿ ವಡೋದರಾದಲ್ಲಿ ನಮ್ಮದೊಂದು ಉಡುಪಿ ಹೋಟೆಲು ಇತ್ತು. ಅಲ್ಲಿ ದೋಸೆ ಹೊಯ್ಯುತ್ತಿದ್ದ ನನ್ನ ಮೈದುನ ಮಾತು ಬಿಟ್ಟು ಆರು ತಿಂಗಳಾಗಿತ್ತು. ಹುಚ್ಚು ಹಿಡಿದಿದೆ, ಊರಿಗೆ ಕಳಿಸಿ ಮಂತ್ರವಾದಿಗೆ ತೋರಿಸಿ ಎಂದು ಹಟ ಹಿಡಿದವಳು ನಾನೇ. ರೈಲಿನ ಟಿಕೆಟೂ ಬಂತು.

ಹೊರಡುವ ಹಿಂದಿನ ದಿನ, ನವರಾತ್ರಿಗೆಂದು ಮನೆಯ ಊಟದ ಮಣೆಗಳನ್ನು ತೊಳೆಯಲು ಮಗುಚಿದೆ. ಒಂದೊಂದರ ಅಡಿಯಲ್ಲೂ ಒಂದೇ ಹೆಂಗಸಿನ ಮುಖ. ಒಲೆಯಲ್ಲಿ ಕಾಯಿಸಿದ ಸರಳಿನಿಂದ ಸುಟ್ಟು ಬರೆದದ್ದು. ಕೆದರಿದ ತಲೆ, ಎತ್ತಲೋ ನೆಟ್ಟ ಕಣ್ಣು. ಮೂಗುಬೊಟ್ಟು ನೋಡಿ ಗುರುತು ಹತ್ತಿತು, ಅದು ನಾನು. ಆ ಮುಖಗಳ ಮೇಲೆ ಕೂತೇ ನಾವೆಲ್ಲ ದಿನಾ ಉಂಡಿದ್ದೆವು.

"ಇದೆಂಥದ್ದು ಮಾರಾಯ? ನಾನು ಹೀಗಿದ್ದೇನಾ?" ಎಂದು ಒಲೆಯ ಮುಂದಿದ್ದ ಮೈದುನನತ್ತ ಕಿರುಚಿದೆ.

ಆರು ತಿಂಗಳ ಮೇಲೆ ಅವನು ಮಾತಾಡಿದ. "ಮಗು ತೀರಿಹೋದ ಮೇಲೆ ನೀವು ಹೀಗೇ ಕೂತ್ಕೊಳ್ಳುದು ಅತ್ತಿಗೆ. ನನ್ನ ತಲೆ ಸರಿ ಇಲ್ಲ, ಗೊತ್ತುಂಟು. ನಿಮ್ಮದು ಯಾರಿಗೂ ಕಾಣುದಿಲ್ವಾ?"

ಗಂಡನನ್ನು ಕರೆದು ತೋರಿಸಿದೆ. ಅವರು ಮಣೆ ನೋಡಿದರು, ನನ್ನನ್ನು ನೋಡಿದರು.

ಮರುದಿನ ರೈಲು ಯಾರೂ ಹತ್ತಲಿಲ್ಲ. ನನ್ನನ್ನೂ ಮೈದುನನನ್ನೂ ಅವರು ಆಸ್ಪತ್ರೆಗೆ ಕರೆದೊಯ್ದರು. ಮೊದಲ ಚೀಟಿ ಬರೆಸಿದ್ದು ನನ್ನ ಹೆಸರಿಗೆ.