ದೊಡ್ಡಪ್ಪನ ನಾಲಿಗೆ, ದೊಡ್ಡಮ್ಮನ ಉಪ್ಪು

ನಮ್ಮೂರಿನಲ್ಲಿ ಹಗಲು ಇರುವುದೇ ಬೆವರು ಒರೆಸಿಕೊಳ್ಳುವುದಕ್ಕೆ. ಬಿಸಿಲು ಇಳಿದು ಸಮುದ್ರದ ಕಡೆಯಿಂದ ಗಾಳಿ ಬೀಸಿದ ಮೇಲೆ ಬೀದಿಗೆ ಕುರ್ಚಿಗಳು ಬರುತ್ತವೆ, ಒಲೆಗಳು ಹೊತ್ತಿಕೊಳ್ಳುತ್ತವೆ, ಮಹಡಿಗಳಿಂದ ಹಾಡು ಕೇಳಿಸುತ್ತದೆ. ಹೊರಗಿನಿಂದ ಬಂದವರು ಎಲ್ಲಿಗೆ ಹೋಗುವುದೆಂದು ತಲೆ ಕೆರೆದುಕೊಳ್ಳುತ್ತಾರೆ. ಅವರಿಗೆಲ್ಲ ನನ್ನ ದೊಡ್ಡಪ್ಪನೇ ಗತಿ.

ದೊಡ್ಡಪ್ಪ ಬಂದರಿನ ಹತ್ತಿರದ ಹದಿನಾಲ್ಕು ಕೋಣೆಗಳ ಲಾಡ್ಜಿನಲ್ಲಿ ಕೌಂಟರ್ ಗುಮಾಸ್ತ. ಸಂಬಳ ಕೊಡುತ್ತಿದ್ದುದು ಕೀಲಿಕೈ ಎತ್ತಿಕೊಡುವುದಕ್ಕೆ. ಅವನು ಬದುಕಿದ್ದುದು ಊಟದ ದಾರಿ ತೋರಿಸುವುದಕ್ಕೆ. ಹಳೆಯ ಕ್ಯಾಲೆಂಡರ್ ಹಾಳೆಯ ಹಿಂದೆ ನಕ್ಷೆ ಬರೆದು ಕೊಡುತ್ತಿದ್ದ. "ಈ ಮೂಲೆಯಲ್ಲಿ ಮೀನು ಸುಡ್ತಾರೆ, ಎಂಟರೊಳಗೆ ಹೋಗಿ. ಇಲ್ಲಿ ಹಾಡು ಚೆನ್ನಾಗಿರುತ್ತೆ, ಊಟ ಮುಟ್ಟಬೇಡಿ. ಇಲ್ಲಿ ಊಟ ಚೆನ್ನಾಗಿರುತ್ತೆ, ಆದ್ರೆ ಮಾಲೀಕನನ್ನ ಮಾತಾಡಿಸಬೇಡಿ, ಎದ್ದು ಬರೋಕೆ ಬಿಡಲ್ಲ."

ಅವನಿಗೊಂದು ನೇಮವಿತ್ತು. ಆ ತಿಂಗಳು ತಾನೇ ತಿಂದು ನೋಡದ ಜಾಗದ ಹೆಸರು ಹೇಳುವಂತಿಲ್ಲ. ಸಂಜೆ ಏಳಕ್ಕೆ ಕೌಂಟರ್ ಬಿಟ್ಟವನೇ ನಾಲ್ಕು ಕಡೆ ನಾಲ್ಕು ತುತ್ತು ತಿಂದು ಮನೆಗೆ ಬರುತ್ತಿದ್ದ. ಬಂದು, ಮತ್ತೆ ತಟ್ಟೆ ಮುಂದೆ ಕೂತು, ದೊಡ್ಡಮ್ಮನ ಅಡುಗೆಯಲ್ಲಿ ಹುಳುಕು ಹುಡುಕುತ್ತಿದ್ದ. ಉಪ್ಪು ಒಂದು ಚಿಟಿಕೆ ಹೆಚ್ಚು. ಬಾಣಲೆ ಇನ್ನಷ್ಟು ಕಾಯಬೇಕಿತ್ತು.

ಅವರ ಮನೆಯಲ್ಲಿದ್ದುಕೊಂಡು ಕಾಲೇಜು ಓದುತ್ತಿದ್ದ ನನಗೆ ಇದನ್ನು ಕಂಡರೆ ಮೈ ಉರಿಯುತ್ತಿತ್ತು. ದೊಡ್ಡಮ್ಮ ಹಗಲೆಲ್ಲ ಶಾಲೆಯ ಮಕ್ಕಳ ಅಂಗಿ ಹೊಲಿಯುವವಳು. ಮದುವೆಯಾಗಿ ಇಪ್ಪತ್ತೆರಡು ವರ್ಷವಾದರೂ ಅವಳನ್ನು ಒಂದು ಸಂಜೆ ಹೊರಗೆ ಊಟಕ್ಕೆ ಕರೆದುಕೊಂಡು ಹೋದ ಪುಣ್ಯಾತ್ಮನಲ್ಲ. ಕೇಳಿದರೆ, "ಡ್ಯೂಟಿಗೆ ಯಾರಾದ್ರೂ ಹೆಂಡತೀನ ಕರ್ಕೊಂಡು ಹೋಗ್ತಾರಾ?" ಎನ್ನುತ್ತಿದ್ದ.

ಒಮ್ಮೆ ಅವನಿಗೆ ವಾರಗಟ್ಟಲೆ ಜ್ವರ ಬಂತು. ಜ್ವರವೇನೋ ಬಿಟ್ಟಿತು, ಹೋಗುವಾಗ ರುಚಿ, ವಾಸನೆ ಎರಡನ್ನೂ ಎತ್ತಿಕೊಂಡು ಹೋಯಿತು. ದೊಡ್ಡಪ್ಪ ಯಾರಿಗೂ ಬಾಯಿ ಬಿಡಲಿಲ್ಲ. ಹಳೆಯ ನೆನಪಿನ ಮೇಲೆಯೇ ನಕ್ಷೆ ಬರೆಯುತ್ತಾ ಹೋದ.

ಹೊಸದಾಗಿ ಮದುವೆಯಾದ ಜೋಡಿಯೊಂದನ್ನು ದೀಪಸ್ತಂಭದ ಪಕ್ಕದ ಸೂಪಿನ ಅಂಗಡಿಗೆ ಕಳಿಸಿದ. ಅಲ್ಲಿನ ಅಡುಗೆಯವನು ಬದಲಾಗಿದ್ದ. ಮೂರು ದಿನದ ಹಿಂದೆ ದೊಡ್ಡಪ್ಪನೇ ಕೂತು ಬಟ್ಟಲು ಬರಿದು ಮಾಡಿ ಬಂದಿದ್ದರೂ ತಳ ಹಿಡಿದ ವಾಸನೆ ಅವನಿಗೆ ತಿಳಿದಿರಲಿಲ್ಲ. ಜೋಡಿ ಬಂದು ಲಾಡ್ಜಿನ ಮಾಲೀಕರ ಮುಂದೆ ಕೂಗಾಡಿತು. ಮಾಲೀಕರು ತಣ್ಣಗೆ ಹೇಳಿದರು, "ಇನ್ನೊಂದು ದೂರು ಬಂದ್ರೆ ಕೌಂಟರ್ ಮೇಲೆ ಅಚ್ಚು ಹಾಕಿಸಿದ ಪಟ್ಟಿ ಇಡ್ತೀನಿ. ನೀವು ಬರೀ ಕೀಲಿಕೈ ಕೊಟ್ಕೊಂಡಿರಿ."

ಅದು ನಮಗೆ ತಿಳಿದದ್ದು ಆಮೇಲೆ. ಮನೆಯಲ್ಲಿ ನಾವು ಕಂಡದ್ದೇ ಬೇರೆ. ದೊಡ್ಡಪ್ಪ ಮೂರು ವಾರದಿಂದ ತುಟಿಪಿಟಿಕ್ಕೆನ್ನದೆ ಉಣ್ಣುತ್ತಿದ್ದ. ಕೊನೆಗೆ "ಚೆನ್ನಾಗಿದೆ" ಎಂದೂ ಹೇಳತೊಡಗಿದ.

"ಇವರು ಹೀಗೆಲ್ಲ ಒಳ್ಳೆಯವರಾಗೋ ಪೈಕಿ ಅಲ್ಲ ಕಣೇ," ಎಂದು ದೊಡ್ಡಮ್ಮ ನನ್ನ ಕಿವಿಯಲ್ಲಿ ಹೇಳಿದಳು. "ಎಲ್ಲೋ ಏನೋ ನಡೀತಿದೆ. ಯಾರೋ ಇದಾಳೆ."

ಮರುದಿನ ಮಧ್ಯಾಹ್ನ ಅವಳು ಹುರಿದ ಆಲೂಗಡ್ಡೆಗೆ ಹಿಡಿಗಟ್ಟಲೆ ಉಪ್ಪು ಸುರಿದು ಬಡಿಸಿದಳು. ಗೊತ್ತಿಲ್ಲದೆ ಬಾಯಿಗಿಟ್ಟ ನಾನು ಬಚ್ಚಲಿಗೆ ಓಡಿದೆ. ವಾಪಸ್ ಬಂದಾಗ ದೊಡ್ಡಪ್ಪ ತಟ್ಟೆ ಮುಂದೆ ಒಡ್ಡಿ, "ಇನ್ನೊಂದಿಷ್ಟು ಹಾಕು" ಎನ್ನುತ್ತಿದ್ದ. ದೊಡ್ಡಮ್ಮ ಪಾತ್ರೆ ಕೆಳಗಿಟ್ಟು ಅವನ ಮುಖವನ್ನೇ ನೋಡಿದಳು.

"ಎಷ್ಟು ದಿನದಿಂದ?"

ಆಗ ದೊಡ್ಡಪ್ಪ ಅತ್ತ. ಅವನು ಅತ್ತದ್ದನ್ನು ನಾನು ಅದೇ ಮೊದಲು ನೋಡಿದ್ದು, ಅಷ್ಟು ದಿನ ಅವನ ಮೇಲಿದ್ದ ಸಿಟ್ಟು ಎಲ್ಲಿ ಹೋಯಿತೋ ಗೊತ್ತಿಲ್ಲ. ಡಾಕ್ಟರು, "ಬಂದ್ರೆ ಬರಬಹುದು, ಬರದೇನೂ ಇರಬಹುದು" ಎಂದು ಕೈಚೆಲ್ಲಿದರು. ಅದನ್ನು ಕೇಳಿ ದೊಡ್ಡಮ್ಮ ಹೊಲಿಗೆ ಯಂತ್ರಕ್ಕೆ ಮುಸುಕು ಹಾಕಿ ಎದ್ದಳು. "ಏಳಕ್ಕೆ ಲಾಡ್ಜಿನ ಹತ್ರ ಬರ್ತೀನಿ. ನನ್ನ ನಾಲಿಗೆ ಸರಿಯಾಗೇ ಇದೆ."

ಹಾಗೆ ಶುರುವಾಯಿತು ಅವರ ಸುತ್ತಾಟ. ದೊಡ್ಡಮ್ಮ ತಿಂದು ಹೇಳುವುದು, ದೊಡ್ಡಪ್ಪ ಕಣ್ಣು ಮುಚ್ಚಿ ಅಗಿಯುತ್ತ ಕೇಳುವುದು. "ಹುಳಿ ಮೊದಲು ಬರುತ್ತೆ, ಖಾರ ಆಮೇಲೆ ಕಿವಿ ಹತ್ರ ಬರುತ್ತೆ." ಇಷ್ಟು ವರ್ಷ ಅವನ ಕಣ್ಣಿಗೆ ಬೀಳದ್ದೆಲ್ಲ ಅವಳ ಕಣ್ಣಿಗೆ ಬಿತ್ತು. ಯಾವ ಹೋಟೆಲಿನ ಬಾತ್‌ರೂಮಿಗೆ ಚಿಲಕವಿಲ್ಲ, ಯಾವ ಹಾಡಿನ ಮಹಡಿಯಲ್ಲಿ ಹೆಂಗಸೊಬ್ಬಳು ಒಂಟಿಯಾಗಿ ಕೂತರೂ ಯಾರೂ ತಿರುಗಿ ನೋಡುವುದಿಲ್ಲ, ಎಲ್ಲ ನಕ್ಷೆ ಸೇರಿತು. ಒಂಟಿಯಾಗಿ ಬಂದ ಹೆಂಗಸರು ಬೇರೆ ಲಾಡ್ಜುಗಳಿಂದಲೂ ಹಾಳೆ ಕೇಳಿಕೊಂಡು ಬರತೊಡಗಿದರು. ಮಾಲೀಕರು ಮತ್ತೆ ಪಟ್ಟಿಯ ಮಾತೆತ್ತಲಿಲ್ಲ. ದೊಡ್ಡಮ್ಮ ಎರಡು ಹೊಸ ಸೀರೆ ಕೊಂಡಳು, ಹಾಡಿನ ಮಹಡಿಯ ಪಿಟೀಲಿನವನನ್ನು ತಮ್ಮ ಎಂದು ಕರೆಯತೊಡಗಿದಳು.

ಎಂಟು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ದೊಡ್ಡಪ್ಪ ಕಾಫಿ ಲೋಟ ಹಿಡಿದುಕೊಂಡು ನಾನು ಬಟ್ಟೆ ಒಗೆಯುತ್ತಿದ್ದಲ್ಲಿಗೆ ಬಂದ. "ಕಹಿ ಗೊತ್ತಾಯ್ತು ಕಣೇ," ಎಂದ.

"ಅಯ್ಯೋ, ದೊಡ್ಡಮ್ಮನಿಗೆ ಹೇಳು ಮತ್ತೆ."

"ಹೇಳಿದ್ರೆ 'ಇನ್ನು ನಾನ್ಯಾಕೆ' ಅಂತ ಮನೇಲಿ ಕೂತ್ಕೋತಾಳೆ. ನೀನು ಬಾಯಿ ಬಿಟ್ಟೀಯ, ಹುಷಾರು."

ನಾನು ಬಾಯಿ ಬಿಡಲಿಲ್ಲ. ಆದರೆ ಕಾಫಿಯ ಮೊದಲ ಗುಟುಕಿಗೆ ಅವನು ಮುಖ ಕಿವುಚಿದ್ದನ್ನು ದೊಡ್ಡಮ್ಮ ಅಡುಗೆಮನೆಯಿಂದಲೇ ನೋಡಿದ್ದಳು. ಮಧ್ಯಾಹ್ನ ಅವನು ಕೆಲಸಕ್ಕೆ ಹೊರಡುವ ಮೊದಲು ಮತ್ತೆ ಹುರಿದ ಆಲೂಗಡ್ಡೆ ಬಂತು. ನಾನು ಒಂದು ಹೋಳು ಬಾಯಿಗಿಟ್ಟು ಬಚ್ಚಲಿಗೆ ಓಡಲು ಎದ್ದೆ. ಸುಮ್ಮನಿರು ಎಂದು ಅವಳು ಕಣ್ಸನ್ನೆ ಮಾಡಿದಳು.

ದೊಡ್ಡಪ್ಪ ತುತ್ತು ಬಾಯಿಗಿಟ್ಟ. ದವಡೆ ಒಂದು ಕ್ಷಣ ನಿಂತಿತು. ಮತ್ತೆ ಅಗಿಯತೊಡಗಿದ. ಒಂದೊಂದೇ ಹೋಳು ನುಂಗಿ ತಟ್ಟೆ ಖಾಲಿ ಮಾಡುವಷ್ಟರಲ್ಲಿ ಎರಡೂ ಕಣ್ಣಲ್ಲಿ ನೀರು ತುಂಬಿತ್ತು.

"ಚೆನ್ನಾಗಿದೆ," ಎಂದ. "ಇನ್ನೊಂದಿಷ್ಟು ಹಾಕು."

ದೊಡ್ಡಮ್ಮ ಹಾಕಲಿಲ್ಲ. ನೀರಿನ ಚೊಂಬನ್ನು ಅವನ ಕಡೆ ಸರಿಸಿ, "ಇವತ್ತು ಏಳಕ್ಕೆ ಎಲ್ಲಿಗೆ ಹೋಗೋಣ?" ಎಂದು ಕೇಳಿದಳು.